ದುಬಾರಿ ಹೆಡ್‌ಫೋನ್: ನಂಬಿಕೆ ಎಷ್ಟು, ನಿಜ ಎಷ್ಟು

ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಮದ್ರಾಸಿನ ದಾರಿ ಹಿಡಿಯಬೇಕಿತ್ತು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲೆ ಆ ಓಡಾಟ ಕಡಿಮೆಯಾಯಿತು. ಈಗ ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನಂಥ ಹೋಬಳಿ ಊರಿನಲ್ಲಿ ಕೂತೇ ಭಜನೆ, ಸೋಬಾನೆ ಪದ, ತಮಟೆಯ ತಾಳ ಎಲ್ಲವನ್ನೂ ರೆಕಾರ್ಡ್ ಮಾಡಿ ಮಿಕ್ಸ್ ಮಾಡಬಹುದು. ಒಂದು ಲ್ಯಾಪ್‌ಟಾಪ್, ಒಂದು ಇಂಟರ್‌ಫೇಸ್, ಒಂದು ಮೈಕ್ ಇದ್ದರೆ ಆಯಿತು. ತೊಡಕಿರುವುದು ಕೋಣೆಯಲ್ಲಿ. ಬರಿಗೋಡೆ, ಟೈಲ್ಸ್ ನೆಲ. ಚಪ್ಪಾಳೆ ತಟ್ಟಿದರೆ ಸದ್ದು ಮೂಲೆ ಮೂಲೆಗೂ ಹೋಗಿ ಬರುತ್ತದೆ. ಅಲ್ಲಿ ಎಂಥ ಮಾನಿಟರ್ ಸ್ಪೀಕರ್ ಇಟ್ಟರೂ ನಮಗೆ ಕೇಳುವುದರಲ್ಲಿ ಸ್ಪೀಕರಿನಷ್ಟೇ ಪಾಲು ಕೋಣೆಯದೂ ಇರುತ್ತದೆ. ಹಾಗಾಗಿ ಹಳ್ಳಿಯ ಸ್ಟುಡಿಯೊಗೆ ಹೆಡ್‌ಫೋನೇ ಮುಖ್ಯ ಸಲಕರಣೆ. ಹಾಡುವವರೂ ಮಿಕ್ಸ್ ಮಾಡುವವರೂ ಒಂದೇ ಕೋಣೆಯಲ್ಲಿ ಇರುವುದರಿಂದ ಹಿಂಬದಿ ಮುಚ್ಚಿರುವ ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನೇ ಬೇಕು. ಇಲ್ಲದಿದ್ದರೆ ಕ್ಲಿಕ್ ಟ್ರ್ಯಾಕಿನ ಟಿಕ್ ಟಿಕ್ ಹೆಡ್‌ಫೋನಿನಿಂದ ಸೋರಿ ಮೈಕಿಗೆ ಸೇರಿಬಿಡುತ್ತದೆ.

ಇಷ್ಟು ಮುಖ್ಯವಾದ ಸಾಮಾನನ್ನು ಕೊಳ್ಳುವಾಗ ಮಾತ್ರ ಕಿವಿಯೊಂದನ್ನು ಬಿಟ್ಟು ಬೇರೆಲ್ಲವನ್ನೂ ನಂಬುತ್ತೇವೆ: ಬೆಲೆಯನ್ನು, ಡಬ್ಬಿಯ ಮೇಲಿನ ಅಂಕಿಯನ್ನು, ಯಾರೋ ಹೇಳಿದ್ದನ್ನು. ಸಾಲ ಮಾಡಿ ಕೊಳ್ಳುವವರೂ ಇರುವುದರಿಂದ ಈ ನಂಬಿಕೆಗಳನ್ನು ಬಿಡಿಸಿ ನೋಡಲೇಬೇಕು.

ನಂಬಿಕೆ: ಬೆಲೆ ಏರಿದಷ್ಟೂ ಸದ್ದು ನಿಖರ

ಇದನ್ನು ಅಳೆದು ನೋಡಿದವರಿದ್ದಾರೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್, ಅಂದರೆ ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು, ಅಳೆದು, ಅದನ್ನು ಬೆಲೆಯ ಪಕ್ಕದಲ್ಲಿಟ್ಟು ನೋಡಿದರು. ಎರಡಕ್ಕೂ ಸಂಬಂಧವೇ ಕಾಣಲಿಲ್ಲ. 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಕಾರಣ ಕಿವಿಯನ್ನು ಮುಚ್ಚುವ ಕಪ್ಪಿನೊಳಗೇ ಇದೆ. ಸದ್ದು ಹುಟ್ಟಿಸುವ ಡ್ರೈವರ್ ಕಿವಿಯ ಕಡೆಗೆ ಎಷ್ಟು ಸದ್ದು ತಳ್ಳುತ್ತದೋ ಹಿಂದಕ್ಕೂ ಅಷ್ಟೇ ತಳ್ಳುತ್ತದೆ. ಓಪನ್ ಬ್ಯಾಕ್‌ನಲ್ಲಿ ಆ ಹಿಂದಿನ ಸದ್ದು ಜಾಲರಿಯಿಂದ ಹೊರಗೆ ಹೋಗುತ್ತದೆ. ಕ್ಲೋಸ್ಡ್ ಬ್ಯಾಕ್‌ನಲ್ಲಿ ಅದಕ್ಕೆ ದಾರಿಯಿಲ್ಲ. ಗೋಡೆಗೆ ಬಡಿದು ತಿರುಗಿ ಬಂದು, ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದಂತೆ, ಕೆಲವು ಸ್ವರಗಳನ್ನು ಉಬ್ಬಿಸುತ್ತದೆ, ಕೆಲವನ್ನು ನುಂಗುತ್ತದೆ. ಕಪ್ಪಿನ ಆಳ 4 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅನುರಣನ ಸುಮಾರು 4,300 ಹರ್ಟ್ಸ್‌ನಲ್ಲಿ ಏಳುತ್ತದೆ. ಹಾಡಿನ ಅಕ್ಷರಗಳು ಸ್ಪಷ್ಟವಾಗುವುದು ಆ ಆಸುಪಾಸಿನಲ್ಲೇ. ಹೆಡ್‌ಫೋನ್ ಅಲ್ಲಿ ಸುಳ್ಳು ಹೇಳಿದರೆ ಗಾಯಕಿಯ ದನಿಯಲ್ಲಿ ಇಲ್ಲದ ಮೊನಚನ್ನು ನಾವು ಕತ್ತರಿಸಿ ಹಾಕುತ್ತೇವೆ.

ದುಬಾರಿ ಕಂಪನಿಗಳು ದುಡ್ಡು ಸುರಿಯುವುದು ಈ ಹಿಂದಿನ ಸದ್ದನ್ನು ಪಳಗಿಸುವುದಕ್ಕೆ. ಸೆನ್‌ಹೈಸರ್ 2018ರಲ್ಲಿ ತಂದ ಎಚ್‌ಡಿ 820ರಲ್ಲಿ ಹಿಂಬದಿಗೆ ಬಾಗಿದ ಗಾಜಿದೆ. ಅದು ಸದ್ದನ್ನು ಅಂಚಿನ ಹೀರುಗೂಡುಗಳಿಗೆ ತಿರುಗಿಸುತ್ತದೆ. ಬಂದಾಗ ಬೆಲೆ 2,400 ಡಾಲರ್ ಹತ್ತಿರವಿತ್ತು. ಆದರೂ ಹಲವರು ಅಳೆದಾಗ 300 ಹರ್ಟ್ಸ್ ಸುತ್ತ ಒಂದು ತಗ್ಗು ಕಂಡಿತು. ಗಂಡುದನಿಯ ತುಂಬು, ಮೃದಂಗದ ಮೈ ಇರುವುದು ಅಲ್ಲಿಯೇ. ಡ್ಯಾನ್ ಕ್ಲಾರ್ಕ್ ಆಡಿಯೊ 2021ರಲ್ಲಿ ತಂದ ಸ್ಟೆಲ್ತ್‌ನ ಆಗಿನ ಬೆಲೆ 4,000 ಡಾಲರ್. ಅದರಲ್ಲಿ ಡ್ರೈವರ್ ಮತ್ತು ಕಿವಿಯ ನಡುವೆ ಸಣ್ಣ ಸಣ್ಣ ರಂಧ್ರಗಳ ಪದರವೊಂದಿದ್ದು, ಬೇಡದ ಅನುರಣನವನ್ನು ಅದು ಹೀರುತ್ತದೆ. ಇವೆಲ್ಲ ಗೌರವ ಕೊಡಬೇಕಾದ ಎಂಜಿನಿಯರಿಂಗ್. ಆದರೆ 1991ರಿಂದ ಮಾರಾಟದಲ್ಲಿರುವ ಸೋನಿಯ ಎಂಡಿಆರ್-7506 ಅಮೆರಿಕದಲ್ಲಿ 100 ಡಾಲರ್ ಆಸುಪಾಸಿಗೆ ಸಿಗುತ್ತದೆ, ರೇಡಿಯೊ ಮತ್ತು ಸಿನಿಮಾ ಕೆಲಸಗಾರರ ತಲೆಯ ಮೇಲೆ ಇಂದಿಗೂ ಇದೆ. ಹೆಚ್ಚಿನ ದುಡ್ಡಿಗೆ ಮೆತ್ತನೆಯ ಪ್ಯಾಡ್, ಗಟ್ಟಿ ಮೈಕಟ್ಟು, ಎಡಬಲ ಡ್ರೈವರ್‌ಗಳ ಒಳ್ಳೆಯ ಹೊಂದಾಣಿಕೆ, ಕಡಿಮೆ ಡಿಸ್ಟಾರ್ಶನ್ ಸಿಗಬಹುದು. ನಿಖರತೆ ಸಿಕ್ಕೇ ಸಿಗುತ್ತದೆ ಎನ್ನಲಾಗದು.

ಎಡಬಲದ ಹೊಂದಾಣಿಕೆಯನ್ನು ಮನೆಯಲ್ಲೇ ಪರೀಕ್ಷಿಸಬಹುದು. ಕೆಳಸ್ವರದಿಂದ ಮೇಲ್ಸ್ವರಕ್ಕೆ ಏರುವ ಮೊನೊ ಸೈನ್ ಸ್ವೀಪ್ ಒಂದನ್ನು ಸಣ್ಣ ವಾಲ್ಯೂಮಿನಲ್ಲಿ ಕೇಳಿ. ಸದ್ದು ತಲೆಯ ನಡುವೆಯೇ ನಿಲ್ಲಬೇಕು. ಯಾವುದೋ ಸ್ವರದಲ್ಲಿ ಅದು ಎಡಕ್ಕೆ ಸರಿದರೆ ಹೆಡ್‌ಫೋನನ್ನು ಅದಲುಬದಲು ಮಾಡಿ ಹಾಕಿಕೊಳ್ಳಿ. ಈಗ ಬಲಕ್ಕೆ ಸರಿದರೆ ತಪ್ಪು ಹೆಡ್‌ಫೋನಿನದು. ಆಗಲೂ ಎಡಕ್ಕೇ ಸರಿದರೆ ವ್ಯತ್ಯಾಸ ನಿಮ್ಮ ಕಿವಿಯದು.

ನಂಬಿಕೆ: ಒಂದೇ ಮಾಡೆಲ್ ಎಲ್ಲರಿಗೂ ಒಂದೇ ಥರ ಕೇಳುತ್ತದೆ

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ನಷ್ಟ ಮಾಡುವ ನಂಬಿಕೆ ಇದು. ಕ್ಲೋಸ್ಡ್ ಬ್ಯಾಕ್ ಹೆಡ್‌ಫೋನಿನ ಬೇಸ್ ನಿಂತಿರುವುದು ಪ್ಯಾಡ್ ಮತ್ತು ಚರ್ಮದ ನಡುವಿನ ಬಿಗಿಯ ಮೇಲೆ. ಅಲ್ಲಿ ಒಂದು ಎಳೆಯಷ್ಟು ಸಂದು ಬಿದ್ದರೂ ಒಳಗಿನ ಒತ್ತಡ ಸೋರಿ, ಕೆಳಸ್ವರಗಳು ಮೊದಲು ಹೋಗುತ್ತವೆ. ಕನ್ನಡಕದ ಕಡ್ಡಿ ಸಾಕು. ದಪ್ಪ ಜಡೆ, ಕಿವಿಯ ಹಿಂದಕ್ಕೆ ಇಳಿಬಿಟ್ಟ ಮಲ್ಲಿಗೆ, ಜುಮಕಿ, ಗಡ್ಡ, ದವಡೆಯ ಹಳ್ಳ, ಎಲ್ಲವೂ ಸಾಕು. ಹಾಡಲು ಬಂದ ಅಕ್ಕ “ತಮಟೆ ಸಣ್ಣಗೆ ಕೇಳ್ತಿದೆ, ಇನ್ನೂ ಜಾಸ್ತಿ ಮಾಡಿ” ಎಂದರೆ ವಾಲ್ಯೂಮ್ ಏರಿಸುವ ಮೊದಲು ಜುಮಕಿ ತೆಗೆಯಲು ಕೇಳಿ ನೋಡಬೇಕು.

ಹೆಸರಾಂತ ವಿಮರ್ಶಕ “ಬೇಸ್ ತುಂಬಿದೆ” ಎಂದದ್ದು ಅವನ ತಲೆಯ ಮಾತು. ಅಳತೆಯ ಗ್ರಾಫ್ ಕೂಡ ಕೃತಕ ಕಿವಿಯ ಮೇಲೆ ಪ್ಯಾಡ್ ಸರಿಯಾಗಿ ಕೂತಾಗ ಸಿಕ್ಕಿದ್ದು. ನಿಮ್ಮ ತಲೆಯ ಮಾತು ಬೇಕಾದರೆ 40 ಹರ್ಟ್ಸ್‌ನ ಒಂದು ಟೋನ್ ಹಾಕಿ, ಎರಡೂ ಕಪ್ಪನ್ನು ಅಂಗೈಯಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಉಬ್ಬಿದರೆ, ಒತ್ತದಿದ್ದಾಗ ಗಾಳಿ ಸೋರುತ್ತಿತ್ತು ಎಂದರ್ಥ. ಕನ್ನಡಕ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ ಕೇಳಿ. ವ್ಯತ್ಯಾಸ ಸಣ್ಣದಿದ್ದರೆ ಆ ಹೆಡ್‌ಫೋನ್ ನಿಮಗೆ ಒಗ್ಗುತ್ತದೆ. ದೊಡ್ಡದಿದ್ದರೆ ಎಷ್ಟೇ ಬೆಲೆಯದಾದರೂ ಬೇಡ. ಕನ್ನಡಕ ತುಸು ಸರಿದಾಗಲೆಲ್ಲ ನಿಮ್ಮ ಮಿಕ್ಸಿನ ಬೇಸ್ ಬದಲಾಗುತ್ತಿರುತ್ತದೆ.

ನಂಬಿಕೆ: ಕ್ಲೋಸ್ಡ್ ಎಂದರೆ ಹೊರಗಿನ ಸದ್ದು ಬರುವುದಿಲ್ಲ

ಬಯರ್‌ಡೈನಾಮಿಕ್ ತನ್ನ ಡಿಟಿ 770 ಪ್ರೊ ಸುಮಾರು 18 ಡೆಸಿಬಲ್ ತಡೆಯುತ್ತದೆ ಎನ್ನುತ್ತದೆ. ಅದು ಒಟ್ಟಾರೆ ಲೆಕ್ಕ. ಪ್ಯಾಡು, ಕಪ್ಪು ತಡೆಯುವುದು ಮೇಲಿನ ಸ್ವರಗಳನ್ನೇ ಹೆಚ್ಚು. ಕೆಳಗಿನವು ಸಲೀಸಾಗಿ ಒಳಗೆ ಬರುತ್ತವೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆಯ ಪಕ್ಕ ಕೂತು ಕೆಲಸ ಮಾಡುವವರಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ: ಲಾಳಿಯ ಖಟಖಟ ಮಂಕಾಗುತ್ತದೆ, ಮೋಟರಿನ ಗುಂಯ್‌ಗುಟ್ಟುವಿಕೆ ಹಾಗೇ ಉಳಿಯುತ್ತದೆ. ಬಸ್ಸಿನ ಎಂಜಿನ್, ಪಂಪ್‌ಸೆಟ್ ಕೂಡ ಹಾಗೆಯೇ.

ಆಗ ನಾವು ವಾಲ್ಯೂಮ್ ಏರಿಸುತ್ತೇವೆ. ಸದ್ದು ಸಣ್ಣದಿದ್ದಾಗ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ, ದೊಡ್ಡದಾದಾಗ ಹೆಚ್ಚು ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು. ಜೋರಾಗಿ ಕೇಳುತ್ತಾ ಮಾಡಿದ ಮಿಕ್ಸ್ ಮನೆಯ ಸಾಧಾರಣ ವಾಲ್ಯೂಮಿನಲ್ಲಿ ತೆಳ್ಳಗೆ ಕೇಳುವುದು ಇದರಿಂದಲೇ. ಜತೆಗೆ ಕಿವಿಯ ಆಯುಷ್ಯದ ಪ್ರಶ್ನೆಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬಲ್. ಮೂರು ಡೆಸಿಬಲ್ ಏರಿಸಿದರೆ ಆ ಅವಧಿ ಅರ್ಧವಾಗುತ್ತದೆ. ಮಗ್ಗಗಳು ನಿಂತ ಮೇಲೆ, ರಾತ್ರಿ ಸಣ್ಣ ಸದ್ದಿನಲ್ಲಿ ಬೇಸ್ ತೀರ್ಮಾನಿಸುವುದು ಯಾವ ದುಬಾರಿ ಕಪ್ಪಿಗಿಂತಲೂ ಒಳ್ಳೆಯ ಉಪಾಯ.

ನಂಬಿಕೆ: ಓಮ್ ಹೆಚ್ಚಾದರೆ ಗುಣ ಹೆಚ್ಚು

ಡಿಟಿ 770 ಪ್ರೊ ವಿದ್ಯುತ್ ತಡೆಯ ಲೆಕ್ಕದಲ್ಲಿ 32, 80, 250 ಓಮ್‌ಗಳಲ್ಲಿ ಬಂದಿದೆ. 250 ಓಮ್‌ನದು “ಸ್ಟುಡಿಯೊದವರದ್ದು” ಎಂಬ ಮಾತಿದೆ. ಲೆಕ್ಕ ಹೀಗಿದೆ: ಒಂದು ಮಿಲಿವ್ಯಾಟ್ ಕೊಡಲು 250 ಓಮ್‌ಗೆ 0.5 ವೋಲ್ಟ್ ಬೇಕು, 32 ಓಮ್‌ಗೆ 0.18 ವೋಲ್ಟ್ ಸಾಕು. ಓಮ್ ಹೇಳುವುದು ಇಷ್ಟನ್ನೇ. ಲ್ಯಾಪ್‌ಟಾಪ್‌ನ ಜ್ಯಾಕ್‌ಗೆ ಹಾಕಿ ಕೆಲಸ ಮಾಡುವವರಿಗೆ 250 ಓಮ್ ಬರೀ ಸಣ್ಣ ಸದ್ದು ಕೊಡುತ್ತದೆ.

ಡಬ್ಬಿಯ ಮೇಲಿನ ಫ್ರೀಕ್ವೆನ್ಸಿ ಅಂಕಿಯೂ ಹೀಗೆಯೇ. ಸೋನಿಯ ಎಂಡಿಆರ್-ಝಡ್1ಆರ್‌ಗೆ 4ರಿಂದ 1,20,000 ಹರ್ಟ್ಸ್ ಎಂದು ಬರೆದಿದ್ದಾರೆ. ಎಳೆಯ ಕಿವಿ ಕೇಳುವುದು ಹೆಚ್ಚೆಂದರೆ 20,000ದವರೆಗೆ. ವಯಸ್ಸಾದಂತೆ ಅದೂ ಇಳಿಯುತ್ತದೆ. ಆ ಎರಡು ತುದಿಗಳ ನಡುವೆ ಎಷ್ಟು ಏರುತಗ್ಗು ಇದೆ ಎಂಬುದೇ ನಮಗೆ ಬೇಕಾದದ್ದು, ಅದನ್ನು ಡಬ್ಬಿ ಹೇಳುವುದಿಲ್ಲ. ನೂರು ಗಂಟೆ ಹಾಡಿಸಿದರೆ ಹೆಡ್‌ಫೋನ್ ಪಳಗುತ್ತದೆ ಎಂಬ ಮಾತಿಗೂ ಹುರುಳು ಕಡಿಮೆ. ಅಳೆದರೆ ಡ್ರೈವರಿನಲ್ಲಿ ಕಾಣುವ ಬದಲಾವಣೆ ತೀರಾ ಸಣ್ಣದು. ತಲೆಯ ಮೇಲೆ ಕಪ್ಪು ಕೆಲವು ಮಿಲಿಮೀಟರ್ ಜರುಗಿದರೆ ಅದಕ್ಕಿಂತ ಹೆಚ್ಚು ಬದಲಾಗುತ್ತದೆ. ಪಳಗುವುದು ನಮ್ಮ ಕಿವಿ. ಹಾಗಾಗಿ ಹಿಂತಿರುಗಿಸುವ ಅವಧಿ ಮುಗಿಯುವವರೆಗೆ “ಪಳಗಲಿ” ಎಂದು ಕಾಯುತ್ತಾ ಕೂರಬೇಡಿ.

ನಂಬಿಕೆ: ಹೆಡ್‌ಫೋನಿನಲ್ಲಿ ಮಿಕ್ಸ್ ಮಾಡಲೇಬಾರದು

ಇದರಲ್ಲಿ ಅರ್ಧ ನಿಜವಿದೆ. ಸ್ಪೀಕರ್ ಕೇಳುವಾಗ ಎಡಗಡೆಯ ಸದ್ದು ಬಲಗಿವಿಗೂ ತಲುಪುತ್ತದೆ, ಮಿಲಿಸೆಕೆಂಡಿನ ಕಾಲು ಭಾಗದಷ್ಟು ತಡವಾಗಿ. ಹೆಡ್‌ಫೋನಿನಲ್ಲಿ ಈ ಬೆರಕೆ ಇಲ್ಲ. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಇದನ್ನು ಸರಿಪಡಿಸುವ ಕ್ರಾಸ್‌ಫೀಡ್ ಸರ್ಕ್ಯೂಟನ್ನು ಬೆಂಜಮಿನ್ ಬಾವರ್ 1961ರಲ್ಲೇ ವಿವರಿಸಿದ್ದರು. ಈಗ ಅದು ಪ್ಲಗಿನ್ ಆಗಿ ಸಿಗುತ್ತದೆ. ರಿವರ್ಬ್ ಕೂಡ ಹೆಡ್‌ಫೋನಿನಲ್ಲಿ ಹೆಚ್ಚು ಎದ್ದು ಕೇಳುವುದರಿಂದ ನಾವು ಅಳುಕಿ ಕಡಿಮೆ ಹಾಕುತ್ತೇವೆ.

ಆದರೆ ನಮ್ಮ ಹಾಡುಗಳು ಎಲ್ಲಿ ಕೇಳಿಬರುತ್ತವೆ ಎಂದು ಯೋಚಿಸಿ: ಮೊಬೈಲಿನಲ್ಲಿ, ಟ್ರ್ಯಾಕ್ಟರಿನ ಸ್ಪೀಕರಿನಲ್ಲಿ, ಇದೇ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ಜಾತ್ರೆಯಂಥ ಕಡೆ ಕಂಬಕ್ಕೆ ಕಟ್ಟಿದ ಹಾರ್ನ್‌ನಲ್ಲಿ. ಹಾರ್ನ್‌ನಲ್ಲಿ ಕೆಲವು ನೂರು ಹರ್ಟ್ಸ್‌ಗಿಂತ ಕೆಳಗಿನದು ಬಹುಪಾಲು ಬರುವುದೇ ಇಲ್ಲ, ಸ್ಟೀರಿಯೊ ಅಂತೂ ಇಲ್ಲವೇ ಇಲ್ಲ. ಹೆಡ್‌ಫೋನಿನಲ್ಲಿ ಎದೆಗೆ ಗುದ್ದುವ ಡೊಳ್ಳು ಅಲ್ಲಿ ಮಾಯವಾಗುತ್ತದೆ. ಕಡ್ಡಿಯ ಪೆಟ್ಟಿನ ಸದ್ದನ್ನು ಮಿಕ್ಸಿನಲ್ಲಿ ಉಳಿಸಿಕೊಂಡಿದ್ದರೆ ಮಾತ್ರ ತಾಳ ನಿಲ್ಲುತ್ತದೆ. ಮಿಕ್ಸ್ ಮುಗಿಸುವ ಮೊದಲು ಮೊನೊ ಮಾಡಿ, ಕೆಳಗಿನದನ್ನೆಲ್ಲ ಫಿಲ್ಟರಿನಿಂದ ತೆಗೆದು ಒಮ್ಮೆ ಕೇಳಿದರೆ ಇದು ಹೆಡ್‌ಫೋನಿನಲ್ಲೇ ಗೊತ್ತಾಗುತ್ತದೆ. ಇಷ್ಟು ಪರೀಕ್ಷೆ ಮಾಡಿಕೊಳ್ಳುವವರು ಧೈರ್ಯವಾಗಿ ಹೆಡ್‌ಫೋನಿನಲ್ಲೇ ಮಿಕ್ಸ್ ಮಾಡಬಹುದು ಎಂಬುದು ನನ್ನ ಖಚಿತ ಅಭಿಪ್ರಾಯ.

ನಂಬಿಕೆ: ಏನಿದ್ದರೂ ಇಕ್ಯೂ (ಈಕ್ವಲೈಜರ್)ನಿಂದ ಸರಿಮಾಡಬಹುದು

ಸೋನಾರ್‌ವರ್ಕ್ಸ್‌ನಂಥ ತಂತ್ರಾಂಶಗಳು ಪ್ರತಿ ಮಾಡೆಲಿಗೂ ತಿದ್ದುಪಡಿಯ ಪ್ರೊಫೈಲ್ ಕೊಡುತ್ತವೆ. ಅಗಲವಾದ ಉಬ್ಬುತಗ್ಗುಗಳನ್ನು ಅವು ಚೆನ್ನಾಗಿ ತಿದ್ದುತ್ತವೆ, ಸಾಧಾರಣ ಬೆಲೆಯ ಹೆಡ್‌ಫೋನನ್ನು ಕೆಲಸಕ್ಕೆ ಬರುವಂತೆ ಮಾಡುತ್ತವೆ. ಕಪ್ಪಿನ ಪ್ರತಿಫಲನದಿಂದ ಬಿದ್ದ ಕಡಿದಾದ ಕಂದಕಗಳನ್ನು ತುಂಬಲು ಅವುಗಳಿಂದ ಆಗದು. ಗಾಳಿ ಸೋರುವ ಕಡೆ ಬೇಸ್ ಏರಿಸಿದರೆ ಡ್ರೈವರ್ ಸುಮ್ಮನೆ ಒದ್ದಾಡುತ್ತದೆ.

ಪ್ರೊಫೈಲ್ ಸಿದ್ಧವಾಗುವುದು ಒಳ್ಳೆಯ ಸ್ಥಿತಿಯ ಪ್ಯಾಡ್ ಮೇಲೆ. ಬೆವರು, ಎಣ್ಣೆ ತಾಗಿ ಕೃತಕ ಚರ್ಮ ಸುಲಿದು, ಒಳಗಿನ ಸ್ಪಂಜು ಕುಸಿದರೆ ಡ್ರೈವರ್ ಕಿವಿಗೆ ಹತ್ತಿರವಾಗುತ್ತದೆ, ಬಿಗಿ ಹೋಗುತ್ತದೆ, ಸದ್ದೇ ಬೇರೆಯಾಗುತ್ತದೆ. ಬೇರೆ ಕಂಪನಿಯ ಅಗ್ಗದ ಪ್ಯಾಡ್ ಹಾಕಿದರೂ ಹಾಗೆಯೇ. ಆದ್ದರಿಂದ ಹೆಡ್‌ಫೋನ್ ಕೊಳ್ಳುವ ಮೊದಲೇ ಅದರ ಅಸಲಿ ಪ್ಯಾಡ್ ಬೆಂಗಳೂರಿನಲ್ಲಿ ಬಿಡಿಯಾಗಿ ಸಿಗುತ್ತದೆಯೇ, ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿಕೊಳ್ಳಿ.