ಬಿಳಿ ಮಾಂಜಿ, ಕಪ್ಪು ಮಾಂಜಿ

ನಮ್ಮ ಫೋರ್ಟಿನಿಂದ ದಕ್ಷಿಣಕ್ಕೆ ಹೋದರೆ ಕೊಲಾಬಾದಲ್ಲಿ ಸಸೂನ್ ಡಾಕ್ ಸಿಗುತ್ತದೆ. 1875ರಲ್ಲಿ ಕಟ್ಟಿದ ಈ ಧಕ್ಕೆಗೆ ಬೆಳಗಿನ ಜಾವ ದೋಣಿಗಳು ಬಂದು ನಿಂತಾಗ, ಬುಟ್ಟಿಗಳಲ್ಲಿ ಮೇಲೆ ಬರುವ ಮೀನುಗಳಲ್ಲಿ ಎರಡು ಬೇಗನೆ ಕಣ್ಣಿಗೆ ಬೀಳುತ್ತವೆ. ಎರಡೂ ತಟ್ಟೆಯಂತೆ ಅಗಲವಾಗಿ, ಚಪ್ಪಟೆಯಾಗಿವೆ. ಒಂದು ಬೆಳ್ಳಿಯ ಬಣ್ಣದ್ದು, ಇನ್ನೊಂದು ಕಂದುಗಪ್ಪು. ಮುಂಬಯಿಯವರು ಮೊದಲನೆಯದನ್ನು ಪಾಪ್ಲೆಟ್ ಅಥವಾ ಸರಂಗಾ ಎಂದೂ, ಎರಡನೆಯದನ್ನು ಹಲ್ವಾ ಎಂದೂ ಕರೆಯುತ್ತಾರೆ. ಕರಾವಳಿ ಕರ್ನಾಟಕದಿಂದ ಬಂದ ನಮ್ಮ ಮನೆಗಳಲ್ಲಿ ಇವು ಬಿಳಿ ಮಾಂಜಿ, ಕಪ್ಪು ಮಾಂಜಿ. ಹೆಸರು ಕೇಳಿದವರು ಇವೆರಡೂ ಒಡಹುಟ್ಟಿದವುಗಳೆಂದೇ ತಿಳಿಯುತ್ತಾರೆ. ಅದು ನಿಜವೇ?

ಹಿಂದಿನ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. 1788ರಲ್ಲಿ ಸ್ವೀಡನ್ನಿನ ಯುಫ್ರಾಸೆನ್ ಎಂಬಾತನು ಬೆಳ್ಳಿ ಬಣ್ಣದ ಮಾಂಜಿಗೆ 'ಸ್ಟ್ರೊಮೇಟಿಯಸ್ ಅರ್ಜೆಂಟಿಯಸ್' ಎಂದು ಹೆಸರಿಟ್ಟನು. 1795ರಲ್ಲಿ ಜರ್ಮನಿಯ ಬ್ಲಾಖನು ಕಪ್ಪು ಮಾಂಜಿಯನ್ನು ಅದರ ಪಕ್ಕದಲ್ಲಿಯೇ ಕೂರಿಸಿ 'ಸ್ಟ್ರೊಮೇಟಿಯಸ್ ನೈಜರ್' ಎಂದನು. ಮುಂದೆ ಅಂಗರಚನೆಯನ್ನು ಸೂಕ್ಷ್ಮವಾಗಿ ಪರೀಕ್ಷಿಸಿದಾಗ ಈ ನಂಟು ಉಳಿಯಲಿಲ್ಲ. ಈಗ ಬಿಳಿ ಮಾಂಜಿಯು 'ಪ್ಯಾಂಪಸ್' ಜಾತಿಗೆ ಸೇರಿ ಸ್ಟ್ರೊಮೇಟಿಡೇ ಕುಟುಂಬದಲ್ಲಿದೆ. ಕಪ್ಪು ಮಾಂಜಿಯು 'ಪ್ಯಾರಸ್ಟ್ರೊಮೇಟಿಯಸ್' ಎಂಬ ಹೆಸರು ಪಡೆದು ಕ್ಯಾರಂಜಿಡೇ ಎಂಬ ಬೇರೆ ಕುಟುಂಬಕ್ಕೆ ಹೋಗಿದೆ.

ಇವನ್ನು ಬೇರ್ಪಡಿಸುವ ಗುರುತುಗಳಾವುವು? ಬಣ್ಣವನ್ನು ನಂಬಿ ಕುಲವನ್ನು ನಿರ್ಣಯಿಸಲಾಗದು. ಬಾಲದ ಬುಡವನ್ನು ಬೆರಳಿನಿಂದ ಸವರಿ ನೋಡಬೇಕು. ಬಿಳಿ ಮಾಂಜಿಯ ಬಾಲದ ಬುಡ ನುಣುಪಾಗಿರುತ್ತದೆ. ಕಪ್ಪು ಮಾಂಜಿಯಲ್ಲಿ ಪಾರ್ಶ್ವರೇಖೆಯು ಬಾಲವನ್ನು ಸೇರುವಲ್ಲಿ ಗಡುಸಾದ ಹುರುಪೆಗಳ ಸಣ್ಣ ಸಾಲೊಂದು ಬೆರಳಿಗೆ ತಗಲುತ್ತದೆ. ಇದು ಕ್ಯಾರಂಜಿಡೇ ಕುಟುಂಬದ ಅನೇಕ ಮೀನುಗಳಲ್ಲಿ ಕಾಣುವ ಲಕ್ಷಣ. ಎರಡನೆಯ ಗುರುತು ಹೊಟ್ಟೆಯ ಈಜುರೆಕ್ಕೆಗಳು. ಬೆಳೆದ ಮೀನುಗಳೆರಡಕ್ಕೂ ಅವು ಇಲ್ಲ. ಆದರೆ ಕಪ್ಪು ಮಾಂಜಿಯ ಮರಿಗೆ ಇವೆ. ಬೆಳೆಯುತ್ತ ಹೋದಂತೆ ಅವು ಮಾಯವಾಗುತ್ತವೆ. ಮೂರನೆಯದು ಹೊರಗೆ ಕಾಣದು. ಬಿಳಿ ಮಾಂಜಿಯ ಗಂಟಲಿನ ಹಿಂದೆ ಒಳಮೈಯಲ್ಲಿ ಹಲ್ಲಿನಂಥ ಮೊನೆಗಳಿರುವ ಚೀಲವುಂಟು. ಅದು ತಿನ್ನುವ ಲೋಳೆಮೀನು ಮುಂತಾದ ಮೃದುಜೀವಿಗಳು ಅಲ್ಲಿ ಹರಿದು ಚೂರಾಗುತ್ತವೆ.

ಈಚಿನ ವರ್ಷಗಳಲ್ಲಿ ಜೀವಕೋಶದೊಳಗಿನ ಡಿಎನ್‌ಎಯನ್ನು ಹೋಲಿಸಿ ಮೀನುಗಳ ವಂಶವೃಕ್ಷವನ್ನು ಬರೆದಿದ್ದಾರೆ. ಅದರಲ್ಲಿ ಇನ್ನೂ ಆಶ್ಚರ್ಯದ ಸಂಗತಿ ಹೊರಬಿದ್ದಿದೆ. ಬಿಳಿ ಮಾಂಜಿಯು ಕಪ್ಪು ಮಾಂಜಿಗಿಂತ ಬಂಗುಡೆಗೆ ಹತ್ತಿರದ ನಂಟ! ಕಪ್ಪು ಮಾಂಜಿಯಾದರೋ ಮರಳಿನಲ್ಲಿ ಮಲಗುವ ನಂಗ್ ಮೀನಿನ ವಂಶದ ಕಡೆಗೆ ವಾಲುತ್ತದೆ. ಇದರ ಜೊತೆಗೆ, ನಮ್ಮ ಸಮುದ್ರದ ಬಿಳಿ ಮಾಂಜಿಯು ಯುಫ್ರಾಸೆನ್ ಹೆಸರಿಸಿದ ಪ್ರಭೇದವಲ್ಲ, 1829ರಲ್ಲಿ ಫ್ರಾನ್ಸಿನ ಕುವಿಯೇ 'ಕ್ಯಾಂಡಿಡಸ್' ಎಂದು ಕರೆದ ಪ್ರಭೇದವೇ ಎಂದು ಸಂಶೋಧಕರು ತೋರಿಸಿದ್ದಾರೆ.

ಹಾಗಾದರೆ ಬೇರೆ ಬೇರೆ ವಂಶದ ಎರಡು ಮೀನುಗಳಿಗೆ ಒಂದೇ ಆಕಾರ ಬಂದದ್ದು ಹೇಗೆ? ಇವು ವಾಸಿಸುವ ಸ್ಥಳವನ್ನು ನೋಡಿದರೆ ಸ್ವಲ್ಪ ಅರಿವಾಗುತ್ತದೆ. ಎರಡೂ ದಡದಿಂದ ಬಹು ದೂರ ಹೋಗದೆ, ಕೆಸರು ತಳದ ಆಳವಿಲ್ಲದ ನೀರಿನಲ್ಲಿ ಗುಂಪುಗೂಡುತ್ತವೆ. ಕಪ್ಪು ಮಾಂಜಿಯು ಹೆಚ್ಚಾಗಿ 15ರಿಂದ 40 ಮೀಟರ್ ಆಳದಲ್ಲಿ ಹಗಲು ತಳದ ಬಳಿಯಿದ್ದು, ರಾತ್ರಿ ಮೇಲಕ್ಕೆ ಬರುತ್ತದೆ. ನರ್ಮದಾ, ತಾಪಿ ಮೊದಲಾದ ನದಿಗಳು ಮಣ್ಣನ್ನು ತಂದು ಸುರಿಯುವ ಗುಜರಾತ, ಮಹಾರಾಷ್ಟ್ರಗಳ ಕರೆಯು ಬಿಳಿ ಮಾಂಜಿಗೆ ಅಚ್ಚುಮೆಚ್ಚು. ಪಾಲಘರ ಜಿಲ್ಲೆಯ ಸಾತಪಾಟಿ ಗ್ರಾಮ ಈ ಮೀನಿನಿಂದಲೇ ಪ್ರಸಿದ್ಧವಾಯಿತು. ಒಂದೇ ಬಗೆಯ ನೀರಿನಲ್ಲಿ ಒಂದೇ ಬಗೆಯಾಗಿ ಬಾಳುವ ಜೀವಿಗಳು, ವಂಶ ಬೇರೆಯಾದರೂ, ಕಾಲಾಂತರದಲ್ಲಿ ಒಂದೇ ರೂಪವನ್ನು ತಾಳಬಹುದು.

ಇದನ್ನೆಲ್ಲ ತಿಳಿದು ಪ್ರಯೋಜನವೇನೆಂದು ಕೆಲವರು ಕೇಳಬಹುದು. ಹಿಡಿದ ಮೀನನ್ನೆಲ್ಲ 'ಮಾಂಜಿ' ಎಂಬ ಒಂದೇ ಲೆಕ್ಕದಲ್ಲಿ ಬರೆದರೆ, ಬಿಳಿಯದು ಕಡಿಮೆಯಾಗಿ ಕಪ್ಪಿನದು ಹೆಚ್ಚಿದಾಗ ಮೊತ್ತವು ಹಾಗೆಯೇ ಉಳಿಯುತ್ತದೆ. ನಷ್ಟವು ಕಾಣುವುದೇ ಇಲ್ಲ. ಇದು ಬರಿಯ ಊಹೆಯ ಭಯವಲ್ಲ. ಮೊಟ್ಟೆಯಿಡುವ ವಯಸ್ಸಿಗೆ ಬಾರದ ಮರಿಗಳನ್ನು ಸಣ್ಣ ಕಣ್ಣಿನ ಬಲೆಗಳು ಬಾಚಿದ್ದರಿಂದ ಈ ಕರೆಯಲ್ಲಿ ಬಿಳಿ ಮಾಂಜಿ ಹಿಂದಿನಷ್ಟು ಸಿಗುತ್ತಿಲ್ಲ. ಮಹಾರಾಷ್ಟ್ರ ಸರಕಾರವು 2023ರಲ್ಲಿ ಅದನ್ನು ರಾಜ್ಯದ ಮೀನೆಂದು ಸಾರಿತು. ಅದೇ ವರ್ಷ ಹಲವು ಮೀನುಗಳಿಗೆ, ಇಂತಿಷ್ಟಕ್ಕಿಂತ ಚಿಕ್ಕದನ್ನು ಹಿಡಿಯಬಾರದೆಂದು ಅಳತೆಯನ್ನೂ ಗೊತ್ತುಪಡಿಸಿತು. ಪ್ರತಿ ಪ್ರಭೇದಕ್ಕೂ ಅದರದೇ ಅಳತೆ ಇರುವುದರಿಂದ, ಮೀನನ್ನು ಗುರುತಿಸಲಾರದವನು ಆ ನಿಯಮವನ್ನು ಪಾಲಿಸಲಾರನು.

ಮುಂದಿನ ಸಲ ಮನೆಯವರೊಡನೆ ಮೀನುಪೇಟೆಗೆ ಹೋದಾಗ, ಮಾರುವ ಅಮ್ಮನ ಅಪ್ಪಣೆ ಕೇಳಿ, ಎರಡು ಮಾಂಜಿಗಳ ಬಾಲದ ಬುಡವನ್ನು ಸವರಿ ನೋಡಿರಿ. ಇನ್ನೂರು ವರ್ಷಗಳ ಹಿಂದೆ ಪಂಡಿತರು ತಪ್ಪಿದ ಪಾಠವು ನಿಮ್ಮ ಬೆರಳ ತುದಿಗೆ ತಿಳಿಯುವುದು.