ಒಂದು ಡಿಗ್ರಿಯ ಬೆಲೆ

ನನ್ನ ಮೊಮ್ಮಗಳು ನಾಲ್ಕನೇ ತರಗತಿಯಲ್ಲಿದ್ದಾಗ ಮೆಟ್ಟಿಲಿನಿಂದ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡಳು. ಮೂಳೆಯೇನೋ ಕೂಡಿಕೊಂಡಿತು. ಆದರೆ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಪದರವೊಂದಿರುತ್ತದೆ. ಅದರ ಒಂದು ಬದಿಗೆ ಪೆಟ್ಟಾದರೆ ಇನ್ನೊಂದು ಬದಿ ಮಾತ್ರ ಬೆಳೆದು ಮೂಳೆ ವಾಲುತ್ತದೆ. ನಮ್ಮ ಹುಡುಗಿಗೂ ಹಾಗೇ ಆಯಿತು. ಎರಡು ವರ್ಷದಲ್ಲಿ ಕಾಲು ಹೊರಕ್ಕೆ ವಾಲಿ, ಓಡಿದರೆ ನೋವು ಬರತೊಡಗಿತು.

"ಮೂಳೆ ಕತ್ತರಿಸಿ 12 ಡಿಗ್ರಿ ತಿರುಗಿಸಿ ಕೂಡಿಸಬೇಕು" ಎಂದರು ಡಾಕ್ಟರು. ಅವಳ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿಯವರೆಗೆ ಕೂತು ಹುಡುಕುತ್ತಿದ್ದೆವು. "12ರ ಬದಲು 13 ಆದರೆ?" ಎಂದು ಕೇಳಿಯೇಬಿಟ್ಟೆ.

ಡಾಕ್ಟರು ನಗಲಿಲ್ಲ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಮೊಣಕಾಲಿನಿಂದ ಪಾದದ ಗಂಟಿಗೆ 30 ಸೆಂಟಿಮೀಟರ್ ಇದ್ದರೆ, ಮೇಲೆ ಒಂದು ಡಿಗ್ರಿ ತಪ್ಪಿದಾಗ ಕೆಳಗೆ ಪಾದ ಸುಮಾರು 5 ಮಿಲಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಐದು ಡಿಗ್ರಿ ತಪ್ಪಿದರೆ ಎರಡೂವರೆ ಸೆಂಟಿಮೀಟರಿಗೂ ಹೆಚ್ಚು! ಆಗ ಮೈಭಾರ ಮೊಣಕಾಲಿನ ಒಂದೇ ಬದಿಗೆ ಬಿದ್ದು ಕೀಲು ಬೇಗ ಸವೆಯುತ್ತದೆ.

ಮಕ್ಕಳೇ, ನಿಮ್ಮ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನೇ ಅಲ್ಲಿ ಬಳಸಬಹುದಲ್ಲ ಎನ್ನುತ್ತೀರಾ? ಶಸ್ತ್ರಚಿಕಿತ್ಸೆಯ ಉಪಕರಣವನ್ನು ದೊಡ್ಡ ಪ್ರೆಶರ್ ಕುಕ್ಕರಿನಂಥ ಯಂತ್ರದಲ್ಲಿಟ್ಟು, 121 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚು ಬಿಸಿಯ ಹಬೆಯಲ್ಲಿ ಶುದ್ಧ ಮಾಡುತ್ತಾರೆ. ಪ್ಲಾಸ್ಟಿಕ್ ಆದರೆ ಸೊಟ್ಟಗಾದೀತು. ಅದಕ್ಕೇ ಅದು ತುಕ್ಕು ಹಿಡಿಯದ ಉಕ್ಕಿನದು. ಅಂಕಿಗಳನ್ನು ಬಣ್ಣದಲ್ಲಿ ಬರೆದಿರುವುದಿಲ್ಲ, ಲೋಹದಲ್ಲೇ ಕೊರೆದಿರುತ್ತಾರೆ. ದೀಪದ ಬೆಳಕಿಗೆ ಕಣ್ಣು ಕುಕ್ಕದಂತೆ ಮೈಯನ್ನು ಮಂಕಾಗಿಸುತ್ತಾರೆ. ರಕ್ತ ಸಿಕ್ಕಿಕೊಳ್ಳುವ ಸಂದು ಇರಬಾರದು.

ಇನ್ನೊಂದು ತೊಡಕಿದೆ. ಕೈವಾರವನ್ನು ಅಗಲಿಸಿ ಹಿಡಿದು, ನಿಧಾನವಾಗಿ ಪಕ್ಕಕ್ಕೆ ತಿರುಗಿಸುತ್ತಾ ನೋಡಿ. ಅದರ ಕೋನ ಕಿರಿದಾದಂತೆ ಕಾಣುವುದಿಲ್ಲವೇ? ಕೋನ ಅಷ್ಟೇ ಇದೆ, ಮೋಸ ಹೋದದ್ದು ಕಣ್ಣು! ಎಕ್ಸ್‌ರೇ ತೆಗೆಯುವಾಗ ಕಾಲು ತಿರುಗಿದ್ದರೂ ಹೀಗೇ ಲೆಕ್ಕ ತಪ್ಪುತ್ತದೆ.

ಇದಕ್ಕೆ ಡಾಕ್ಟರು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ಕತ್ತರಿಸುವ ಜಾಗದ ಮೇಲೊಂದು, ಕೆಳಗೊಂದು ತೆಳುವಾದ ಉಕ್ಕಿನ ತಂತಿಯನ್ನು ಮೂಳೆಗೆ ಚುಚ್ಚುತ್ತಾರೆ. ಎರಡರ ನಡುವೆ ಸರಿಯಾಗಿ 12 ಡಿಗ್ರಿ ಇರುವಂತೆ ಉಕ್ಕಿನ ಅಚ್ಚೊಂದನ್ನು ಹಿಡಿದು ಚುಚ್ಚುವುದು. ಆಮೇಲೆ ಮೂಳೆ ಕತ್ತರಿಸಿ ತಿರುಗಿಸುತ್ತಾ ಬಂದರೆ, ಎರಡು ತಂತಿಗಳೂ ರೈಲು ಹಳಿಯಂತೆ ಸಮಾನಾಂತರವಾದ ಕ್ಷಣಕ್ಕೆ ಕೆಲಸ ಮುಗಿಯಿತು. ಡಿಗ್ರಿ ಓದುವುದಕ್ಕಿಂತ ಸಮಾನಾಂತರ ಗುರುತಿಸುವುದು ಕಣ್ಣಿಗೆ ಸುಲಭ. ಒಳ್ಳೆಯ ಉಪಕರಣ ಎಂದರೆ ಇದೇ: ಮನುಷ್ಯ ಎಲ್ಲಿ ತಪ್ಪಬಹುದು ಎಂದು ಮೊದಲೇ ಯೋಚಿಸಿ, ಅಲ್ಲಿ ತಪ್ಪದಂತೆ ನೋಡಿಕೊಳ್ಳುವುದು.

ಮೂಳೆ ವೈದ್ಯಕ್ಕೆ ಇಂಗ್ಲಿಷಿನಲ್ಲಿರುವ 'ಆರ್ಥೋಪೆಡಿಕ್ಸ್' ಎಂಬ ಹೆಸರು 1741ರಲ್ಲಿ ಫ್ರಾನ್ಸಿನ ನಿಕೊಲಾ ಆಂಡ್ರಿ ಎಂಬ ವೈದ್ಯರು ಕಟ್ಟಿದ ಪದದಿಂದ ಬಂದದ್ದು. ಗ್ರೀಕ್ ಭಾಷೆಯ 'ನೇರ' ಮತ್ತು 'ಮಗು' ಎಂಬ ಎರಡು ಮಾತುಗಳನ್ನು ಅವರು ಜೋಡಿಸಿದ್ದರು.

ನಮ್ಮ ಮಗು ಈಗ ನೇರವಾಗಿ ನಡೆಯುತ್ತಾಳೆ. ಮೊನ್ನೆ ಬಸ್ ನಿಲ್ದಾಣಕ್ಕೆ ಓಡಿದಳು. ಹಿಂದೆ ಉಳಿದವನು ನಾನು.