ಗಾಡಿ ಹೊರಡದು, ತಪ್ಪು ಬ್ಯಾಟರಿಯದೇ?

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ಕರಿಸಿದ್ಧೇಶ್ವರನ ದರ್ಶನ ಮುಗಿಸಿ ಬೆಟ್ಟವಿಳಿದು ಬಂದ ಸಂಸಾರವೊಂದನ್ನು ಕಲ್ಪಿಸಿಕೊಳ್ಳೋಣ. ಹೊತ್ತು ಮುಳುಗುತ್ತಿದೆ. ಹಿಂದಿನ ಸೀಟಿನಲ್ಲಿ ದಣಿದ ಅಜ್ಜಿ, ಅವರ ತೊಡೆಯ ಮೇಲೆ ನಿದ್ದೆಗಣ್ಣಿನ ಮೊಮ್ಮಗು. ಯಜಮಾನರು ಹಳೆಯ ಅಂಬಾಸಿಡರಿನ ಕೀಲಿ ತಿರುಗಿಸುತ್ತಾರೆ. 'ಟಕ್' ಎಂಬ ಒಂದು ಸದ್ದು, ಅಷ್ಟೇ. "ಬ್ಯಾಟರಿ ಹೋಯಿತು ಸ್ವಾಮಿ, ಹೊಸದು ತರಿಸಿ" ಎಂಬುದು ಸುತ್ತ ನೆರೆದವರ ತೀರ್ಪು. ಹಳೆಯ ಕಾರುಳ್ಳವರ ಎಷ್ಟೋ ಹಣ ಈ ಒಂದು ಮಾತಿಗೆ ಕಿವಿಗೊಟ್ಟು ಪೋಲಾಗುವುದುಂಟು.

ಮಾರಿಸ್ ಆಕ್ಸ್‌ಫರ್ಡಿನ ಅಚ್ಚಿನಲ್ಲಿ ಹುಟ್ಟಿದ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೆ ಉಳಿದಿರುವ ಹಳೆಯ ಪೆಟ್ರೋಲ್ ಗಾಡಿಗಳಿಗೆ ಒಂದು ದೊಡ್ಡ ಗುಣವಿದೆ: ಅವು ತಮ್ಮ ಬೇನೆಯನ್ನು ಬಚ್ಚಿಡುವುದಿಲ್ಲ. ಕಣ್ಣು, ಕಿವಿ, ಅಗ್ಗದ ಒಂದು ಮೀಟರು ಇದ್ದರೆ ನಾಡಿ ನೋಡಬಹುದು.

ಮೊದಲು ಮುಂದಿನ ದೀಪಗಳನ್ನು ಹೊತ್ತಿಸಿ ಸೆಲ್ಫ್ ಹೊಡೆಯಬೇಕು. ದೀಪ ಮಂಕಾಗಿ ಆರಿಹೋದರೆ ಬ್ಯಾಟರಿ ಬರಿದಾಗಿದೆ, ಇಲ್ಲವೇ ಅದರ ಟರ್ಮಿನಲ್ಲುಗಳಿಗೆ ಕಿಲುಬು ಹಿಡಿದಿದೆ. ವಿರಾಮದಲ್ಲಿರುವ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. 12ಕ್ಕೆ ಇಳಿದಿದ್ದರೆ ಅದು ಬಹುಮಟ್ಟಿಗೆ ಬರಿದಾದಂತೆಯೇ. ಕಿಲುಬನ್ನು ಬಿಸಿನೀರು, ಅಡುಗೆ ಸೋಡಾಗಳಿಂದ ತೊಳೆಯಬಹುದು. ಬೆಂಕಿಕಡ್ಡಿ ಗೀರಿ ಇಣುಕುವ ಸಾಹಸ ಮಾತ್ರ ಬೇಡ. ಬ್ಯಾಟರಿಯಿಂದ ಹೊರಡುವ ಜಲಜನಕ ಸಿಡಿಯಬಲ್ಲದು.

ನಮ್ಮ ಯಜಮಾನರ ಗಾಡಿಯಲ್ಲಿಯಾದರೋ 'ಟಕ್' ಎಂದರೂ ದೀಪಗಳು ಕದಲಲಿಲ್ಲ. ಅಂದಮೇಲೆ ಬ್ಯಾಟರಿ ನಿರಪರಾಧಿ! ತಪ್ಪು ಅದರಾಚೆ ಇದೆ. ಇನ್ನೂ ಎರಡು ಸಲ ಸೆಲ್ಫ್ ಹೊಡೆದು ಬಾನೆಟ್ ಎತ್ತಿ ಮುಟ್ಟಿದರೆ ಚೋಕಿನ ತಂತಿ ಬಿಸಿಯಾಗಿದೆ. ಚೋಕಿಗೂ ವಿದ್ಯುತ್ತಿಗೂ ಏನು ನಂಟು?

ಇಂಜಿನ್ನು ಕುಳಿತಿರುವುದು ರಬ್ಬರಿನ ಮೇಲೆ. ಸೆಲ್ಫ್ ಮೋಟಾರಿಗೆ ಹೋದ ವಿದ್ಯುತ್ತು ಬ್ಯಾಟರಿಗೆ ಮರಳಲು ಇಂಜಿನ್ನಿನಿಂದ ಗಾಡಿಯ ಮೈಗೆ ಹೆಣೆದ ತಾಮ್ರದ ಅರ್ತ್ ಪಟ್ಟಿಯೊಂದು ಇರುತ್ತದೆ. ಎಣ್ಣೆ, ಧೂಳು, ತುಕ್ಕುಗಳಿಂದ ಅದರ ಹಿಡಿತ ಕೆಟ್ಟರೆ ವಿದ್ಯುತ್ತು ಸಿಕ್ಕ ದಾರಿಯನ್ನೇ ಹಿಡಿಯುತ್ತದೆ. ಬಡಪಾಯಿ ಚೋಕಿನ ತಂತಿ ಆ ಹೊರೆ ಹೊತ್ತು ಕಾಯುತ್ತದೆ. ಸೆಲ್ಫ್ 150 ಆಂಪಿಯರ್ ಎಳೆಯುವಾಗ ದಾರಿಯಲ್ಲಿ 0.02 ಓಮಿನ ಅಡ್ಡಿಯಿದ್ದರೂ 3 ವೋಲ್ಟ್ ಅಲ್ಲಿಯೇ ನಷ್ಟ. ಹೊಸ ಬ್ಯಾಟರಿ ತಂದಿದ್ದರೆ ಅದಕ್ಕೂ ಇದೇ ಗತಿ.

ಸೆಲ್ಫ್ ಹುರುಪಿನಿಂದ ತಿರುಗಿಯೂ ಇಂಜಿನ್ನು ಹತ್ತದಿದ್ದರೆ ಕಥೆಯೇ ಬೇರೆ. ಪೆಟ್ರೋಲ್ ಸೋರಿಲ್ಲವೆಂದು ಖಚಿತಪಡಿಸಿಕೊಂಡು, ಬಿಚ್ಚಿದ ಪ್ಲಗ್ಗಿನ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಕಿಡಿ ನೋಡಬೇಕು. ಕಿಡಿ ಬಾರದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳದ ತೇವ ಒರೆಸಿ, ಪಾಯಿಂಟುಗಳ ಸಂದು ಇಂಚಿನ ಸಾವಿರದಲ್ಲಿ 15 ಭಾಗದಷ್ಟಿದೆಯೇ ಎಂದು ಅಳೆಯಬೇಕು. ಮಳೆಗಾಲದ ತಂಟೆ ಬಹುಪಾಲು ಇಲ್ಲಿಯೇ.

ರಾಮಗಿರಿಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಅರ್ತ್ ಪಟ್ಟಿಯ ನಟ್ಟು ಬಿಚ್ಚಿ, ಅದು ಕೂರುವ ಜಾಗವನ್ನು ಉಪ್ಪುಕಾಗದದಿಂದ ಹೊಳಪು ಬರುವವರೆಗೆ ಉಜ್ಜಿ, ಬಿಗಿ ಮಾಡಿದ್ದಾಯಿತು. ಕೀಲಿ ತಿರುಗಿಸುತ್ತಲೇ ಇಂಜಿನ್ನು ಗುಡುಗಿತು. ಮೊಮ್ಮಗು ಬೆಚ್ಚಿ ಎದ್ದು ಅಳತೊಡಗಿತು.